ಓದುಗರ ಪ್ರಶ್ನೆ: ಮರದ ಮೇಲಿನ ಹಲಗೆ ಸದ್ದು ಮಾಡಿದರೆ

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನ ಅತ್ತಿಮರ ಹಣ್ಣು ಬಿಟ್ಟಾಗ ಮಂಗಟ್ಟೆ, ಕೆಂಜಳಿಲು ಎಲ್ಲಾ ಬರುತ್ತವೆ. ಎದುರಿನ ಸಿಲ್ವರ್ ಓಕ್ ಮರಕ್ಕೆ 18 ಅಡಿ ಎತ್ತರದಲ್ಲಿ ಸಣ್ಣ ಅಲ್ಯೂಮಿನಿಯಂ ಹಲಗೆ ಬಿಗಿದು, ಸೊಂಟಕ್ಕೆ ಸ್ಯಾಡಲ್ ಹಾಕಿಕೊಂಡು ನಿಂತು ಫೋಟೊ ತೆಗೆಯುತ್ತೇನೆ. ಕಾಲು ಬದಲಿಸಿದರೆ ‘ಕಿರ್’ ಅನ್ನುತ್ತದೆ, ಬೂಟಿನ ಹಿಮ್ಮಡಿ ತಾಗಿದರೆ ‘ಟಣ್’ ಅನ್ನುತ್ತದೆ. ಅಷ್ಟಕ್ಕೇ ಹಕ್ಕಿ ಹಾರಿಹೋಗುತ್ತದೆ. ಕೀಲಿಗೆ ಎಣ್ಣೆ ಬಿಟ್ಟೆ, ಎರಡೇ ದಿನ ಸುಮ್ಮನಿತ್ತು. ಇಡೀ ಹಲಗೆಗೆ ಬಟ್ಟೆ ಟೇಪ್ ಸುತ್ತಿಬಿಡಲೇ ಸರ್?
— ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಸುತ್ತಬೇಡಿ. ನೀವು ಬರೆದಿರುವುದು ಎರಡು ಬೇರೆ ಬೇರೆ ಸದ್ದು, ಎರಡಕ್ಕೂ ಮದ್ದು ಬೇರೆ. ಮೂರನೆಯದೊಂದು ಸದ್ದೂ ನಿಮ್ಮ ಹಲಗೆಯಲ್ಲಿ ಇರಬಹುದು, ಅದು ತೊಗಟೆಯದು. ಎಲ್ಲದರ ಮೇಲೂ ಟೇಪ್ ಸುತ್ತಿದರೆ ಸದ್ದು ಎಲ್ಲಿಂದ ಬರುತ್ತಿದೆ ಎನ್ನುವುದೇ ಮುಚ್ಚಿಹೋಗುತ್ತದೆ. ಬಿರುಕು ಬಿಟ್ಟ ಬೆಸುಗೆಯೂ ಕಾಣುವುದಿಲ್ಲ.

ಇದನ್ನು ಬಳಸದ ಓದುಗರಿಗಾಗಿ ಎರಡು ಮಾತು. ಸ್ಯಾಡಲ್ ಎಂದರೆ ಸೊಂಟ, ತೊಡೆಗಳನ್ನು ಹಿಡಿಯುವ ಪಟ್ಟಿಯ ಕವಚ. ಅದರಿಂದ ಹೊರಟ ಹಗ್ಗ ಮುಖದ ಎತ್ತರಕ್ಕೋ ಅದಕ್ಕಿಂತ ಮೇಲಕ್ಕೋ ಮರಕ್ಕೆ ಕಟ್ಟಿರುತ್ತದೆ. ಹಗ್ಗಕ್ಕೆ ಒರಗಿಕೊಂಡು, ಮರಕ್ಕೆ ಮುಖ ಮಾಡಿ, ಪುಟ್ಟ ಹಲಗೆಯ ಮೇಲೆ ಕಾಲೂರಿ ನಿಲ್ಲುವುದು. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆಗೆ ಕಾಯುವವರು ಬಳಸಿ ಬೆಳೆಸಿದ ಸಾಧನವಿದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕ್ಯಾಮೆರಾ, ಬೈನಾಕ್ಯುಲರ್ ಹಿಡಿದವರಿಗೆ.

ಮೊದಲು ಸದ್ದಿನ ಜಾಗ ಹುಡುಕಿ. ಹಲಗೆಯನ್ನು ಅದೇ ಮರಕ್ಕೆ ನೆಲದಿಂದ ಎರಡಡಿ ಎತ್ತರದಲ್ಲಿ ಬಿಗಿಯಿರಿ. ಒಬ್ಬರು ಹತ್ತಿ ನಿಂತು ನಿಧಾನವಾಗಿ ಹಿಮ್ಮಡಿಯಿಂದ ಬೆರಳಿಗೆ, ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸಲಿ. ಇನ್ನೊಬ್ಬರು ಕೆಳಗೆ ಕೂತು ಪ್ರತಿ ಬೋಲ್ಟ್, ಪ್ರತಿ ಕೀಲಿನ ಮೇಲೆ ಬೆರಳ ತುದಿ ಇಟ್ಟು ನೋಡಲಿ. ಕೀಲು ಕಿರುಗುಟ್ಟುತ್ತಿದ್ದರೆ ಬೆರಳಿಗೆ ಸಣ್ಣ ನಡುಕ ಸಿಗುತ್ತದೆ. ಕಿವಿ ಇದರಲ್ಲಿ ಮೋಸ ಹೋಗುತ್ತದೆ, ಏಕೆಂದರೆ ಟೊಳ್ಳು ಕೊಳವೆ ಸದ್ದನ್ನು ಇನ್ನೊಂದು ತುದಿಗೆ ಒಯ್ಯುತ್ತದೆ. ಸಿಕ್ಕ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ.

ಈಗ ‘ಕಿರ್’ ಅನ್ನುವ ಕೀಲು. ಹಲಗೆಯೂ ಅದನ್ನು ಮರಕ್ಕೆ ಆನಿಸುವ ಕಂಬವೂ ಸೇರುವಲ್ಲಿ ಬೋಲ್ಟಿಗೂ ರಂಧ್ರಕ್ಕೂ ನಡುವೆ ಕೂದಲೆಳೆಯಷ್ಟು ಸಡಿಲ ಇರುತ್ತದೆ. ಭಾರ ಬದಲಾದಾಗ ಲೋಹಕ್ಕೆ ಲೋಹ ಅಂಟಿಕೊಂಡು, ಬಿಟ್ಟು, ಮತ್ತೆ ಅಂಟಿಕೊಳ್ಳುತ್ತದೆ. ಆ ಜಗ್ಗಾಟವೇ ಸದ್ದು. ಎಣ್ಣೆ ಎರಡು ದಿನ ಜಾರಿಸುತ್ತದೆ, ಆಮೇಲೆ ತೋಟದ ಧೂಳು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಮಳೆ ಬಂದರೆ ತೊಳೆದೇ ಹೋಗುತ್ತದೆ. ಎಣ್ಣೆಯ ವಾಸನೆಯೂ ಕಾಡುಕುರಿಯಂಥ ಪ್ರಾಣಿಗಳಿಗೆ ದೂರದಿಂದಲೇ ಗೊತ್ತಾಗುತ್ತದೆ.

ಕೀಲನ್ನು ಬಿಚ್ಚಿ, ಎಣ್ಣೆಯನ್ನು ಸೋಪಿನ ನೀರಿನಲ್ಲಿ ಪೂರ್ತಿ ತೆಗೆದು ಒಣಗಿಸಿ. ಲೋಹಕ್ಕೆ ಲೋಹ ಮುಟ್ಟುವ ಪ್ರತಿ ಮುಖದ ನಡುವೆ 1 ಮಿಲಿಮೀಟರ್ ದಪ್ಪದ ನೈಲಾನ್ ವಾಷರ್ ಒಂದೊಂದು ಬರಬೇಕು. ಒಂದು ಬೋಲ್ಟಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಬೇಕಾಗುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಬೋಲ್ಟನ್ನೇ ಒಯ್ದು ಅಳತೆ ಹೊಂದಿಸಿ ತನ್ನಿ. ವಾಷರ್ ಸೇರಿಸಿದ ಮೇಲೆ ಹಳೆಯ ಬೋಲ್ಟ್ ಗಿಡ್ಡವಾದೀತು, ನಟ್‌ನಿಂದಾಚೆ ಕನಿಷ್ಠ ಎರಡು ಸುತ್ತು ಹಲ್ಲು ಕಾಣಬೇಕು. ಕಾಣದಿದ್ದರೆ ಅದೇ ದಪ್ಪ, ಅದೇ ದರ್ಜೆಯ ಉದ್ದನೆಯ ಬೋಲ್ಟ್ ಹಾಕಿ. ನಟ್ ನೈಲಾಕ್ (ಒಳಗೆ ನೈಲಾನ್ ಬಳೆ ಇರುವ ನಟ್) ಆಗಿರಲಿ, ಬಿಚ್ಚಿದ್ದನ್ನೇ ಮತ್ತೆ ಮತ್ತೆ ಹಾಕಬೇಡಿ. ಆ ಬಳೆ ಸವೆದ ನಟ್ ಸುಮ್ಮನೆ ತಿರುಗುತ್ತದೆ.

ಬಿಗಿತದಲ್ಲೇ ಹೆಚ್ಚಿನವರು ತಪ್ಪುವುದು. ಹಲಗೆ ತನ್ನ ಭಾರಕ್ಕೆ ತಾನೇ ಬೀಳಬಾರದು, ಕೈಯಿಂದ ಒತ್ತಿದರೆ ತಡೆತಡೆದು ಮಡಚಬೇಕು. ಅಷ್ಟಕ್ಕೇ ನಿಲ್ಲಿಸಿ. ಒತ್ತಡಕ್ಕೆ ನೈಲಾನ್ ಮೆಲ್ಲಗೆ ಚಪ್ಪಟೆಯಾಗುವುದರಿಂದ ಮಾರನೆಯ ದಿನ ಕಾಲು ಸುತ್ತು ಮತ್ತೆ ಬಿಗಿಯಬೇಕಾಗುತ್ತದೆ. ಇದನ್ನು ಮರೆತವರು ‘ವಾಷರ್ ಹಾಕಿದರೂ ಸದ್ದು ಹೋಗಲಿಲ್ಲ’ ಅನ್ನುತ್ತಾರೆ. ವಾಷರ್ ಹಿಡಿಸದಷ್ಟು ಇಕ್ಕಟ್ಟಿದ್ದರೆ ಆ ಮುಖಕ್ಕೆ ಜೇನುಮೇಣ ಉಜ್ಜಿ. ಎಣ್ಣೆಯಂತೆ ಹರಿಯುವುದಿಲ್ಲ, ಧೂಳನ್ನೂ ಅಷ್ಟಾಗಿ ಹಿಡಿಯುವುದಿಲ್ಲ. ಹಲಗೆಯನ್ನು ಉಕ್ಕಿನ ತಂತಿ ಹಗ್ಗ ಹಿಡಿದಿರುವ ಮಾದರಿಯಾದರೆ ತಂತಿಯ ಕಣ್ಣು ಬೋಲ್ಟಿಗೆ ಉಜ್ಜುವ ಜಾಗವನ್ನು ತಪ್ಪದೇ ನೋಡಿ. ಅಲ್ಲಿಗೂ ವಾಷರ್. ತಂತಿ ಮಡಚುವಾಗ ಹಲಗೆಗೆ ಬಡಿಯದಂತೆ ಎಲೆಕ್ಟ್ರಿಕ್ ಅಂಗಡಿಯ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಬಹುದು. ತಂತಿಯ ತುದಿಯನ್ನು ಒತ್ತಿ ಹಿಡಿದಿರುವ ಲೋಹದ ತುಂಡಿನ ಹತ್ತಿರ ಎರಡಿಂಚು ಮಾತ್ರ ಬರಿದಾಗಿ ಬಿಡಿ. ತಂತಿಯ ಎಳೆ ಮೊದಲು ತುಂಡಾಗುವುದು ಅಲ್ಲೇ, ಅದು ಕಣ್ಣಿಗೆ ಬೀಳಬೇಕು.

‘ಟಣ್’ ಸದ್ದಿಗೆ ಮೇಲೆ ಹಾಸುವುದಕ್ಕಿಂತ ಕೆಳಗೆ ಅಂಟಿಸುವುದು ಮುಖ್ಯ. ತೆಳು ಅಲ್ಯೂಮಿನಿಯಂ ಗಂಟೆಯ ಹಾಗೆ ಮಿಡಿಯುತ್ತದೆ. ಆ ಮಿಡಿತವನ್ನು ನುಂಗಲು ಅಂಟಂಟಾದ ಪದರ, ಅದರ ಮೇಲೊಂದು ಬಿಗಿ ಪದರ ಬೇಕು. ಸೋರುವ ಶೀಟಿಗೆ ಹಚ್ಚುವ, ಬೆಳ್ಳಿ ಬಣ್ಣದ ಹಾಳೆ ಇರುವ ಬ್ಯೂಟೈಲ್ ಟೇಪ್ ಇದೇ ಕೆಲಸ ಮಾಡುತ್ತದೆ. ಹಲಗೆಯ ತಳವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಗಲವಾದ ಪಟ್ಟಿ, ಅಡ್ಡಪಟ್ಟಿಗಳಿಗೆಲ್ಲ ಟೇಪ್ ಹಚ್ಚಿ, ಚಮಚದ ಬೆನ್ನಿನಿಂದ ಗಾಳಿಗುಳ್ಳೆ ಹೋಗುವಂತೆ ತೀಡಿ. ಹೊಳಪು ಹೊರಗೆ ಕಾಣದಂತೆ ಮಾಸಲು ಬಣ್ಣ ಬಳಿಯಿರಿ. ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರೆ ‘ಟಣ್’ ಹೋಗಿ ‘ದಬ್’ ಅನ್ನಬೇಕು. ಕೊಳವೆಯೊಳಗೆ ಉಬ್ಬುವ ಫೋಮ್ ತುಂಬಿಸುವವರಿದ್ದಾರೆ. ಮಲೆನಾಡಿನ ಮಳೆಗೆ ಅದು ಒಳ್ಳೆಯದಲ್ಲ, ನೀರು ಒಳಗೇ ಕೂತು ಬೋಲ್ಟನ್ನು ತಿನ್ನುತ್ತದೆ.

ಮೇಲ್ಭಾಗಕ್ಕೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದರೆ ಸಾಕು. ಬೂಟು ತಾಗುವ ಅಂಚುಗಳಿಗೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಚೆನ್ನಾಗಿ ಕೂರುತ್ತದೆ. ಮೆಟ್ಟಿಲಿಗೆ ಹಚ್ಚುವ ಮರಳುಕಾಗದದಂಥ ಟೇಪ್ ಕಾಲು ಹಿಡಿಯುತ್ತದೆ ನಿಜ, ಆದರೆ ತಿರುಗಿದಾಗಲೆಲ್ಲ ‘ಸರ್’ ಎಂದು ಉಜ್ಜುತ್ತದೆ.

ಬಕಲ್, ಕ್ಯಾರಾಬಿನರ್ (ಹಗ್ಗ ಸಿಕ್ಕಿಸುವ, ಬಾಗಿಲಿರುವ ಲೋಹದ ಕೊಂಡಿ), ನೇತುಹಾಕಿದ ಚೀಲದ ಕೊಕ್ಕೆ ಇವೆಲ್ಲ ಒಂದಕ್ಕೊಂದು ತಾಗದಂತೆ ಇಟ್ಟರೆ ಮುಗಿಯಿತು. ಕ್ಯಾರಾಬಿನರ್‌ನ ಬೆನ್ನಿಗೆ ಮಾತ್ರ ಟ್ಯೂಬ್ ಏರಿಸಿ, ಬಾಗಿಲಿಗೆ, ಅದರ ಲಾಕ್‌ಗೆ ಏನೂ ತಾಗಬಾರದು. ನಿಮ್ಮ ಭಾರ ಹೊರುವ ಹಗ್ಗಕ್ಕೆ, ಸ್ಯಾಡಲ್‌ನ ಹೊಲಿಗೆಗೆ ಯಾವ ಟೇಪನ್ನೂ ಸುತ್ತಬೇಡಿ.

ಪ್ರಶ್ನೆ: ಹಲಗೆಯ ಹಲ್ಲು ಮರಕ್ಕೆ ಕಚ್ಚುವಲ್ಲೇ ಸದ್ದು ಬರುತ್ತಿದೆ. ಹಲ್ಲಿಗೂ ತೊಗಟೆಗೂ ನಡುವೆ ರಬ್ಬರ್ ತುಂಡು ಇಟ್ಟರೆ ಸದ್ದೂ ಹೋಗುತ್ತದೆ, ಮರಕ್ಕೂ ಗಾಯವಾಗುವುದಿಲ್ಲ ಎಂದು ನಮ್ಮಣ್ಣ ಹೇಳುತ್ತಾನೆ. ಸರಿಯೇ?
— ಸಕಲೇಶಪುರದ ಓದುಗರು

ಉತ್ತರ: ಇಡಲೇಬಾರದು. ಅಣ್ಣನಿಗೆ ಮರದ ಮೇಲಿರುವ ಕಾಳಜಿ ಒಳ್ಳೆಯದೇ, ಆದರೆ ರಬ್ಬರಿಟ್ಟ ಹಲಗೆ ಪಕ್ಕಕ್ಕೆ ಭಾರ ಬಿದ್ದ ತಕ್ಷಣ ಕಾಂಡದ ಸುತ್ತ ಜಾರಿ ತಿರುಗುತ್ತದೆ. ಲೋಹಕ್ಕೆ ಲೋಹ ತಾಗುವಲ್ಲಿ ಮೆತ್ತಗಿರಲಿ, ಮರವನ್ನು ಲೋಹ ಕಚ್ಚುವಲ್ಲಿ ಬೇಡ.

ಹಲ್ಲಿನ ಹತ್ತಿರ ಸದ್ದು ಬಂದರೆ ಹಲಗೆ ಸರಿಯಾಗಿ ಕೂತಿಲ್ಲ ಎಂದು ಅರ್ಥ. ತೊಗಟೆಯ ಒಣ ಚಕ್ಕೆಯನ್ನು, ಪಾಚಿಯನ್ನು ಅಂಗೈಯಿಂದ ಉಜ್ಜಿ ಉದುರಿಸಿ. ಕತ್ತಿಯಿಂದ ಹೆರೆಯಬೇಡಿ. ಹಲಗೆಯ ಹೊರ ಅಂಚು ಎರಡು ಬೆರಳಿನಷ್ಟು ಮೇಲಕ್ಕೆ ನೋಡುವಂತೆ ಹಿಡಿದು, ಹಲಗೆಯನ್ನು ಮರಕ್ಕೆ ಕಟ್ಟುವ ಪಟ್ಟಿಯನ್ನು ಕೈಲಾದಷ್ಟು ಎಳೆದು ಬಿಗಿಯಿರಿ. ಹಗ್ಗದ ಮೇಲೆ ಭಾರ ಬಿಟ್ಟು ಒಂದೇ ಕಾಲಿನಿಂದ ಹೊರ ಅಂಚನ್ನು ಕೆಳಕ್ಕೆ ಒತ್ತಿ. ಹಲಗೆ ಸಮತಟ್ಟಾಗುತ್ತಿದ್ದಂತೆ ಪಟ್ಟಿ ಇನ್ನಷ್ಟು ಬಿಗಿಯುತ್ತದೆ, ಹಲ್ಲು ಒಳಕ್ಕೆ ಕಚ್ಚುತ್ತದೆ. ಮತ್ತೆ ಎಳೆಯಿರಿ, ಮತ್ತೆ ಒತ್ತಿ. ಮೂರನೆಯ ಸಲಕ್ಕೂ ಹಲಗೆ ಕೆಳಕ್ಕೆ ಹೋಗುತ್ತಿದ್ದರೆ ಬಿಚ್ಚಿ, ಮೊದಲಿಂದ ಶುರು ಮಾಡಿ. ಬೆಳಗಿನ ಕತ್ತಲಲ್ಲಿ ಇದನ್ನೆಲ್ಲ ಮಾಡುವ ಬದಲು ಹಿಂದಿನ ಸಂಜೆಯೇ ಕೂರಿಸಿ ಬರಬಹುದು. ಆದರೆ ಹತ್ತಿದ ಮೇಲೆ ಇನ್ನೊಮ್ಮೆ ಎಳೆದು ನೋಡದೆ ಅದರ ಮೇಲೆ ನಿಲ್ಲಬೇಡಿ.

ಮರದ ಆಯ್ಕೆಯಿಂದಲೇ ಅರ್ಧ ಸದ್ದು ಕಡಿಮೆಯಾಗುತ್ತದೆ. ನೇರವಾದ, 10ರಿಂದ 14 ಇಂಚು ಅಡ್ಡಳತೆಯ ಕಾಂಡದಲ್ಲಿ ಹಲ್ಲು ಎರಡೂ ಕಡೆ ಸಮನಾಗಿ ಕೂರುತ್ತದೆ. ಸಿಲ್ವರ್ ಪರವಾಗಿಲ್ಲ, ಆದರೆ ಅದರ ಕೊಂಬೆ ಗಾಳಿಗೆ ಸಟ್ಟನೆ ಮುರಿಯುವಂಥದ್ದು. ಕಾಂಡವನ್ನು ಬಿಟ್ಟು ಕೊಂಬೆಗೆ ಹಗ್ಗ ಕಟ್ಟಬೇಡಿ, ಗಾಳಿಯ ದಿನ ಹತ್ತಲೇಬೇಡಿ. ಹಾಲುವಾಣ ಬೇಡವೇ ಬೇಡ, ಮೆದು ಮರ, ಮುಳ್ಳು ಬೇರೆ. ಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಪಟ್ಟಿಯ ಕೆಳಗೆ ಬಳ್ಳಿ ಸಿಕ್ಕಿ ಜಜ್ಜುತ್ತದೆ, ಹಲಗೆಯೂ ಅಲ್ಲಾಡುತ್ತದೆ. ಮೊಳೆ ಹೊಡೆಯುವ ಯೋಚನೆ ಬೇಡ. ಪಟ್ಟಿಯನ್ನು ತಿಂಗಳುಗಟ್ಟಲೆ ಮರದಲ್ಲೇ ಬಿಡುವುದೂ ತಪ್ಪು. ಕಾಂಡ ದಪ್ಪವಾಗುತ್ತಾ ಪಟ್ಟಿ ತೊಗಟೆಯೊಳಗೆ ಇಳಿಯುತ್ತದೆ. ಹಲ್ಲಿನ ಸಣ್ಣ ಗುರುತು ಮರಕ್ಕೆ ದೊಡ್ಡದಲ್ಲ, ಸುತ್ತ ಬಿಗಿದ ಕಟ್ಟು ದೊಡ್ಡದು.

ಪ್ರಶ್ನೆ: ಜನವರಿಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಮಳೆ ಶುರುವಾದ ಮೇಲೆ ಅದೇ ಹಲಗೆ ನರಳುತ್ತದೆ, ಪಟ್ಟಿಯೂ ಸಡಿಲ ಬೀಳುತ್ತದೆ. ಏನು ಕಾರಣ?
— ಕೊಪ್ಪದ ಓದುಗರು

ಉತ್ತರ: ಪಟ್ಟಿ ನೈಲಾನಿನದಾಗಿರಬೇಕು. ನೈಲಾನ್ ನೀರು ಕುಡಿದು ಹಿಗ್ಗುತ್ತದೆ, ಬಿಗಿತ ಹೋಗುತ್ತದೆ, ಹಲ್ಲು ತೊಗಟೆಯ ಮೇಲೆ ಅಲುಗತೊಡಗುತ್ತದೆ. ನಿಮ್ಮ ಹಲಗೆಗೆ ತಯಾರಕರು ಹೇಳಿದಷ್ಟೇ ಭಾರ ತಡೆಯುವ ಪಾಲಿಯೆಸ್ಟರ್ ಪಟ್ಟಿ ತನ್ನಿ, ಅದು ನೀರಿಗೆ ಬಹಳ ಕಡಿಮೆ ಹಿಗ್ಗುತ್ತದೆ. ಬೂಷ್ಟು ಹಿಡಿದ ಬಕಲ್ ಕೂಡ ಪಟ್ಟಿಯನ್ನು ಬಿಟ್ಟುಕೊಡುತ್ತದೆ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ.

ಇನ್ನೊಂದು ಕಾರಣ ಬೋಲ್ಟಿನ ಸುತ್ತ ಬೆಳೆಯುವ ಬಿಳಿ ಪುಡಿ. ಉಕ್ಕು, ಅಲ್ಯೂಮಿನಿಯಂ ಎರಡೂ ಒದ್ದೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಯೂಮಿನಿಯಂ ಕರಗುತ್ತಾ ಬರುತ್ತದೆ. ಆ ಪುಡಿಯೇ ಕೀಲನ್ನು ಕಿರುಗುಟ್ಟಿಸುವುದು. ಮೇಲೆ ಹೇಳಿದ ನೈಲಾನ್ ವಾಷರ್ ಎರಡು ಲೋಹಗಳನ್ನು ದೂರವಿಡುವುದರಿಂದ ಇದಕ್ಕೂ ಮದ್ದು. ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಮಾತ್ರ ಯಾವ ವಾಷರೂ ಕೆಲಸಕ್ಕೆ ಬರುವುದಿಲ್ಲ, ಆ ಹಲಗೆಯನ್ನು ಕೈಬಿಡಿ. ಫೆಲ್ಟ್ ಬಟ್ಟೆ ಅಂಟಿಸಿದ್ದರೆ ಕಿತ್ತುಹಾಕಿ. ಬೇಸಿಗೆಯಲ್ಲಿ ಅದಕ್ಕಿಂತ ಮೆತ್ತಗಿನದಿಲ್ಲ, ಜೂನ್ ಆದ ಮೇಲೆ ನೀರು ಹಿಡಿದು ಪಾಚಿಗಟ್ಟಿ ಕಾಲು ಜಾರುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ಬಿಸಿಲು ಬಿದ್ದ ಕೂಡಲೇ, ನಾನು ಅಲುಗದೆ ಇದ್ದರೂ ಹಲಗೆ ‘ಟಿಕ್ ಟಿಕ್’ ಅನ್ನುತ್ತದೆ.
— ಚಿಕ್ಕಮಗಳೂರಿನ ಓದುಗರು

ಉತ್ತರ: ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವ ಲೋಹ. ಅರ್ಧ ಮೀಟರ್ ಉದ್ದದ ಕಂಬ 20 ಡಿಗ್ರಿ ಬಿಸಿಯಾದರೆ ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬಿಗಿ ಕೀಲಿನಲ್ಲಿ ಆ ಬೆಳವಣಿಗೆ ತಡೆದು ತಡೆದು ಬಿಡುಗಡೆಯಾಗುವ ಸದ್ದದು. ವಾಷರ್ ಹಾಕಿದರೆ ಕಡಿಮೆಯಾಗುತ್ತದೆ. ಕಪ್ಪು ಬಣ್ಣ ಬಳಿದಿದ್ದರೆ ಮಾಸಲು ಬೂದು ಮಾಡಿ, ಅಷ್ಟು ಬೇಗ ಕಾಯುವುದಿಲ್ಲ.

ಪ್ರಶ್ನೆ: ಗದ್ದೆ ಕಾಯಲು ಮರದ ಮೇಲೆ ಹಲಗೆ, ಬಿದಿರಿನ ಅಟ್ಟಣೆ ಕಟ್ಟಿದ್ದೇವೆ, 12 ಅಡಿ ಎತ್ತರ. ತುಂಬಾ ಕಿರುಗುಟ್ಟುತ್ತದೆ. ಆನೆ ಬಂದಾಗ ಸದ್ದಾಗಬಾರದು.
— ಆಲೂರು ತಾಲ್ಲೂಕಿನ ಓದುಗರು

ಉತ್ತರ: ಹಸಿ ಮರಕ್ಕೆ ಹೊಡೆದ ಮೊಳೆ ಮರ ಒಣಗಿದಾಗ ಸಡಿಲವಾಗಿ ಕಿರುಗುಟ್ಟುತ್ತದೆ. ಮೊಳೆಯ ಬದಲು ಬೋಲ್ಟ್ ಹಾಕಿ, ಹಲಗೆಗೂ ದೂಲಕ್ಕೂ ನಡುವೆ ಸೈಕಲ್ ಟ್ಯೂಬ್ ಪಟ್ಟಿ ಇಡಿ, ಹಲಗೆಗಳ ನಡುವೆ ಒಂದು ಬೆರಳು ಸಂದಿ ಬಿಡಿ. ಬಿದಿರಿನ ಕಟ್ಟು ಒಣಗಿದಂತೆ ಸಡಿಲವಾಗುತ್ತದೆ, ವಾರಕ್ಕೊಮ್ಮೆ ಬಿಗಿಯಿರಿ.

ಆದರೆ ದಯವಿಟ್ಟು 12 ಅಡಿಯ ಅಟ್ಟಣೆಯನ್ನು ನಂಬಬೇಡಿ. ದೊಡ್ಡ ಸಲಗದ ಸೊಂಡಿಲು ಅಲ್ಲಿಗೆ ಸಲೀಸಾಗಿ ಮುಟ್ಟುತ್ತದೆ, ಸಣ್ಣ ಮರವನ್ನು ಅದು ದೂಡಿಯೇ ಬೀಳಿಸುತ್ತದೆ. ನೀವು ಎಷ್ಟೇ ಸುಮ್ಮನಿದ್ದರೂ ಆನೆಗೆ ವಾಸನೆಯಿಂದ ಗೊತ್ತಾಗುತ್ತದೆ. ಆನೆಗಳು ಎಲ್ಲಿವೆ ಎಂದು ಅರಣ್ಯ ಇಲಾಖೆಯಿಂದ ಬರುವ ಮೊಬೈಲ್ ಸಂದೇಶ ನೋಡಿ, ಅವು ಹತ್ತಿರವಿದ್ದ ರಾತ್ರಿ ಅಟ್ಟಣೆ ಹತ್ತಬೇಡಿ. ಕ್ಯಾಮೆರಾದವರಿಗೂ ಇದೇ ಮಾತು. ಕತ್ತಲಾಗುವ ಮೊದಲೇ ಇಳಿದು ಮನೆ ಸೇರಿ.

ಪ್ರಶ್ನೆ: ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನೇ ಹತ್ತಲು ಬಳಸುತ್ತೇನೆ. ಮರಕ್ಕೆ ಒರಗಿಸುವಾಗ ಇಡೀ ತೋಟಕ್ಕೆ ಕೇಳಿಸುತ್ತದೆ.
— ಬೇಲೂರಿನ ಓದುಗರು

ಉತ್ತರ: ಮೇಲಿನ ತುದಿಯ ಎರಡೂ ಕೊಳವೆಗೆ ಬ್ಯಾಟ್ ಗ್ರಿಪ್ ಎರಡೆರಡು ಏರಿಸಿ. ಒಂದರೊಳಗೊಂದು ಜಾರುವ ಏಣಿಯಾದರೆ ಜೋಡಿಸುವ ಕಡೆ ಟ್ಯೂಬ್ ತುಂಡು ಸಿಕ್ಕಿಸಿ. ಒರಗಿಸಿದ ಮೇಲೆ ತುದಿಯನ್ನು ಕಾಂಡಕ್ಕೆ ಹಗ್ಗದಿಂದ ಕಟ್ಟಿ, ಇಲ್ಲವಾದರೆ ಹತ್ತುವಾಗ ಏಣಿ ಹೊರಳುತ್ತದೆ. ಏಣಿ ಎತ್ತುವ ಮೊದಲು ಮಾತ್ರ ತಲೆಯೆತ್ತಿ ವಿದ್ಯುತ್ ತಂತಿ ನೋಡಿ. ತೋಟಗಳಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಎಷ್ಟೋ ಕಾರ್ಮಿಕರು ಸತ್ತಿದ್ದಾರೆ, ಬ್ಯಾಟ್ ಗ್ರಿಪ್ ಕರೆಂಟು ತಡೆಯುವುದಿಲ್ಲ. ಏಣಿ ನೆಟ್ಟಗೆ ನಿಂತು ಯಾವ ಕಡೆಗೆ ಬಿದ್ದರೂ ತಂತಿಗೆ ತಾಗದಷ್ಟು ದೂರದ ಮರವನ್ನೇ ಆರಿಸಿ. ತಂತಿ ಹಾದುಹೋಗುವ ತೋಟವಾದರೆ ಫೈಬರ್ ಏಣಿ ಕೊಳ್ಳಿ. ತೂಕ ಸ್ವಲ್ಪ ಹೆಚ್ಚು, ಆದರೆ ಅದು ಲೋಹದಂತೆ ಗಣಗಣಿಸುವುದಿಲ್ಲ, ಒಣಗಿದ್ದಾಗ ವಿದ್ಯುತ್ತನ್ನೂ ಹರಿಸುವುದಿಲ್ಲ. ಫೈಬರ್ ಏಣಿ ಒದ್ದೆಯಾಗಿದ್ದರಂತೂ ತಂತಿಯ ಹತ್ತಿರ ಒಯ್ಯಲೇಬೇಡಿ.