ರೆಗೆ ಸಂಗೀತ ಯಾಕೆ ಹಾಗೆ ತೂಗಾಡಿದಂತೆ ಕೇಳಿಸುತ್ತದೆ? ಅದು ಹುಟ್ಟಿದ್ದು ಹೇಗೆ?

ಬೇರೆ ಹಾಡುಗಳಲ್ಲಿ ಜೋರಾಗಿ ಪೆಟ್ಟು ಬೀಳುವ ಜಾಗವನ್ನೇ ರೆಗೆ ಖಾಲಿ ಬಿಡುತ್ತದೆ, ಅದಕ್ಕೆ.

ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ನೋಡಿ. ರಾಕ್ ಹಾಡಿನಲ್ಲಿ ದೊಡ್ಡ ಡ್ರಮ್ ಸಾಮಾನ್ಯವಾಗಿ ಒಂದಕ್ಕೇ ಬೀಳುತ್ತದೆ. ರೆಗೆಯ ‘ಒನ್ ಡ್ರಾಪ್’ ತಾಳದಲ್ಲಿ ಒಂದಕ್ಕೆ ಡ್ರಮ್ ಸುಮ್ನಿರುತ್ತದೆ, ಪೆಟ್ಟು ಮೂರಕ್ಕೆ. ಗಿಟಾರ್ ಎರಡಕ್ಕೂ ನಾಲ್ಕಕ್ಕೂ ಚಕ್, ಚಕ್ ಅಂತ ತುಂಡು ತುಂಡಾಗಿ ನುಡಿಯುತ್ತದೆ. ಕಾಲು ಇಡಲು ಹೋದ ಕಡೆ ಮೆಟ್ಟಿಲೇ ಇಲ್ಲದ ಹಾಗೆ, ಅಲ್ವಾ? ಮೈ ತಾನಾಗಿ ವಾಲುತ್ತದೆ.

ಇದು ಒಂದೇ ಸಲಕ್ಕೆ ಬಂದದ್ದಲ್ಲ. 1962ರಲ್ಲಿ ಜಮೈಕಾಕ್ಕೆ ಸ್ವಾತಂತ್ರ್ಯ ಸಿಕ್ಕಾಗ ಅಲ್ಲಿ ಸ್ಕಾ ಎಂಬ ಚುರುಕಾದ ಕುಣಿತದ ಸಂಗೀತ ಜೋರಾಗಿತ್ತು. 1966ರ ಹೊತ್ತಿಗೆ ಅದರ ವೇಗ ಇಳಿದು ರಾಕ್‌ಸ್ಟೆಡಿ ಆಯಿತು, 1968ರ ಸುಮಾರಿಗೆ ರೆಗೆ. ರಾಜಧಾನಿ ಕಿಂಗ್‌ಸ್ಟನ್ ಬೀದಿಗಳಲ್ಲಿ ದೊಡ್ಡ ಸ್ಪೀಕರ್‌ಗಳನ್ನು ಪೇರಿಸಿ ರೆಕಾರ್ಡ್ ಹಾಕುವ ‘ಸೌಂಡ್ ಸಿಸ್ಟಮ್’ ತಂಡಗಳಿದ್ದವು. ಅಲ್ಲಿ ಬೇಸ್, ಅಂದರೆ ತಗ್ಗು ಸ್ಥಾಯಿಯ ದಪ್ಪ ನಾದ, ಕಿವಿಗಿಂತ ಮೊದಲು ಎದೆಗೆ ತಾಕುತ್ತಿತ್ತು. ರೆಗೆಯ ಜೀವ ಇರುವುದೇ ಆ ಬೇಸ್‌ನಲ್ಲಿ ಅನ್ನುತ್ತೇನೆ ನಾನು. ರಾಸ್ತಾಫಾರಿ ಎಂಬ ಜಮೈಕಾದ ಧಾರ್ಮಿಕ ಪಂಥದವರ ನಿಧಾನದ ಡೋಲು, ಬಡವರ ನೋವು, ನ್ಯಾಯದ ಕೂಗು ಎಲ್ಲವೂ ಅದರೊಳಗೆ ಸೇರಿಕೊಂಡವು. 1970ರ ದಶಕದಲ್ಲಿ ಜಮೈಕಾದ ಗಾಯಕ ಬಾಬ್ ಮಾರ್ಲಿ ಅದನ್ನು ಜಗತ್ತಿಗೆಲ್ಲ ಮುಟ್ಟಿಸಿದರು.