ಓದುಗರ ಪ್ರಶ್ನೆ: ದನ ಮೇಯಿಸಲು ಬಂದವನಿಗೆ ಓಟು ಇದೆಯಾ?

ಪ್ರಶ್ನೆ: ಆಫ್ರಿಕಾದ ಅಬ್ಯೇ ಅನ್ನುವ ಜಾಗದಲ್ಲಿ ಭಾರತದ ಸೈನಿಕರು ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಕಾವಲಿದ್ದಾರೆ ಅಂತ ಓದಿದೆ. ನಕ್ಷೆ ತೆಗೆದು ನೋಡಿದರೆ ಅಲ್ಲಿ ಗಡಿಗೆರೆಯೇ ಚುಕ್ಕೆ ಚುಕ್ಕೆಯಾಗಿದೆ. ಅದು ಯಾವ ದೇಶದ್ದು?

ಉತ್ತರ: ಚುಕ್ಕೆ ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ. ಸುಡಾನ್ ನಮ್ಮದು ಅನ್ನುತ್ತದೆ, ದಕ್ಷಿಣ ಸುಡಾನ್ ನಮ್ಮದು ಅನ್ನುತ್ತದೆ. ಸುಮಾರು 10,500 ಚದರ ಕಿಲೋಮೀಟರ್ ಜಾಗ. ನಡುವೆ ಹರಿಯುವ ನದಿಗೂ ಎರಡು ಹೆಸರು: ಡಿಂಕಾ ಜನ ಅದನ್ನು ಕೀರ್ ಅನ್ನುತ್ತಾರೆ, ಉತ್ತರದವರು ಬಹರ್ ಅಲ್ ಅರಬ್, ಅಂದರೆ ಅರಬ್ಬರ ನದಿ ಅನ್ನುತ್ತಾರೆ. ಯಾರಾದರೂ ನದಿಯನ್ನು ಯಾವ ಹೆಸರಿಂದ ಕರೆದರು ಅನ್ನುವುದರಲ್ಲೇ ಅವರು ಯಾವ ಕಡೆಯವರು ಅಂತ ಗೊತ್ತಾಗಿಬಿಡುತ್ತದೆ.

ಅಲ್ಲಿ ವರ್ಷಪೂರ್ತಿ ಮನೆ ಮಾಡಿಕೊಂಡು ಇರುವವರು ಎನ್‌ಗೋಕ್ ಡಿಂಕಾ ಜನ. ಬೇಸಿಗೆಯ ತಿಂಗಳುಗಳಲ್ಲಿ ಉತ್ತರದಿಂದ ಮಿಸ್ಸೆರಿಯಾ ಅನ್ನುವ ಅರಬ್ ದನಗಾಹಿಗಳು ಸಾವಿರಾರು ದನ ಹೊಡೆದುಕೊಂಡು ನದಿಯ ನೀರು, ಮೇವು ಹುಡುಕಿ ಇಲ್ಲಿಗೆ ಇಳಿಯುತ್ತಾರೆ, ಮಳೆ ಶುರುವಾದರೆ ವಾಪಸ್. ತಲೆತಲಾಂತರದಿಂದ ಹೀಗೇ ನಡೆದಿದೆ. ಜಗಳದ ಬೇರು ಇಲ್ಲೇ ಇದೆ.

ಪ್ರಶ್ನೆ: ನಿಜ ಹೇಳಿ, ಇದೆಲ್ಲ ತೈಲಕ್ಕಾಗಿ ಅಲ್ವಾ? ಬುಡಕಟ್ಟು ಜಗಳ ಅನ್ನುವುದೆಲ್ಲ ಸುಮ್ನೆ ನೆಪ.

ಉತ್ತರ: ಅರ್ಧ ನಿಜ. ಆದರೆ ಇನ್ನರ್ಧವೇ ದೊಡ್ಡದು. 2009ರ ಜುಲೈನಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯಾಯಾಲಯ ಅಬ್ಯೇ ಗಡಿಯನ್ನು ಹೊಸದಾಗಿ ಬರೆದು, ಹೆಗ್ಲಿಗ್ ಅನ್ನುವ ದೊಡ್ಡ ತೈಲ ಪ್ರದೇಶವನ್ನು ಆಚೆಗೆ ಬಿಟ್ಟಿತು. ಬರೀ ತೈಲದ ಜಗಳವಾಗಿದ್ದರೆ ಅಲ್ಲಿಗೇ ಅರ್ಧ ತಣ್ಣಗಾಗಬೇಕಿತ್ತು. ಆಗಲಿಲ್ಲ. ಎರಡು ವರ್ಷವೂ ತುಂಬಿರಲಿಲ್ಲ, 2011ರ ಮೇ ತಿಂಗಳಲ್ಲಿ ಸುಡಾನ್ ಸೇನೆ ಅಬ್ಯೇ ಪಟ್ಟಣಕ್ಕೆ ನುಗ್ಗಿತು, ಒಂದು ಲಕ್ಷಕ್ಕೂ ಹೆಚ್ಚು ಜನ ದಕ್ಷಿಣಕ್ಕೆ ಓಡಿದರು.

ಪ್ರಶ್ನೆ: ಅಲ್ಲಿನ ಜನರನ್ನೇ ಕೇಳಿ ಓಟು ಹಾಕಿಸಿಬಿಟ್ಟರೆ ಮುಗಿಯಿತಲ್ಲ? ಯಾಕೆ ಮಾಡುತ್ತಿಲ್ಲ?

ಉತ್ತರ: ಮಾಡುತ್ತೇವೆ ಅಂತ ಸುಡಾನ್‌ನ ಉತ್ತರ-ದಕ್ಷಿಣದ ಅಂತರ್ಯುದ್ಧ ನಿಲ್ಲಿಸಿದ 2005ರ ಶಾಂತಿ ಒಪ್ಪಂದದಲ್ಲೇ ಬರೆದಿದ್ದರು. 2011ರ ಜನವರಿಯಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಗಬೇಕೇ ಅಂತ ಓಟು ನಡೆಯಿತಲ್ಲ, ಅದೇ ದಿನ ಅಬ್ಯೇ ಜನ ತಾವು ಯಾವ ಕಡೆ ಅಂತ ಹೇಳಬೇಕಿತ್ತು. ದಕ್ಷಿಣದ ಓಟು ನಡೆದು ಸುಮಾರು ನೂರಕ್ಕೆ 99 ಮಂದಿ ಬೇರೆಯಾಗೋಣ ಅಂದರು, ಅದೇ ಜುಲೈ 9ಕ್ಕೆ ಹೊಸ ದೇಶವೂ ಹುಟ್ಟಿತು. ಅಬ್ಯೇ ಓಟು ಮಾತ್ರ ಇವತ್ತಿಗೂ ನಡೆದಿಲ್ಲ.

ಕಾರಣ ಒಂದೇ ಪದ: ನಿವಾಸಿ. ಒಪ್ಪಂದದಲ್ಲಿ ಓಟು ಯಾರಿಗೆ ಅಂತ ಬರೆಯುವಾಗ ಎನ್‌ಗೋಕ್ ಡಿಂಕಾ ಜನರಿಗೆ ಮತ್ತು ಅಲ್ಲಿ ವಾಸವಿರುವ ಬೇರೆ ಸುಡಾನಿಗಳಿಗೆ ಅಂತ ಬರೆದರು. ವಾಸ ಅಂದರೆ ಎಷ್ಟು ತಿಂಗಳು? ವರ್ಷದಲ್ಲಿ ಐದಾರು ತಿಂಗಳು ದನ ಕಟ್ಟಿಕೊಂಡು ಇರುವವನು ನಿವಾಸಿಯೋ ಬಂದುಹೋಗುವವನೋ? ಖಾರ್ಟೂಮ್ ಸರ್ಕಾರ, ಅಂದರೆ ಸುಡಾನ್ ಸರ್ಕಾರ, ಮಿಸ್ಸೆರಿಯಾಗಳಿಗೂ ಓಟು ಕೊಡಿ ಅಂದಿತು. ಕೊಟ್ಟರೆ ಫಲಿತಾಂಶ ಒಂದು, ಕೊಡದಿದ್ದರೆ ಇನ್ನೊಂದು. ಇಬ್ಬರಿಗೂ ಅದು ಗೊತ್ತಿತ್ತು. 2013ರ ಅಕ್ಟೋಬರಿನಲ್ಲಿ ಎನ್‌ಗೋಕ್ ಜನ ಕಾದು ಸಾಕಾಗಿ ತಾವೇ ಓಟು ಹಾಕಿಕೊಂಡರು, 99.9 ಪ್ರತಿಶತ ದಕ್ಷಿಣದ ಕಡೆ ಬಂತು. ಎರಡೂ ದೇಶ ಅದನ್ನು ಒಪ್ಪಲಿಲ್ಲ.

ನನಗೆ ಕೇಳಿದರೆ ಎರಡೂ ಕಡೆಯವರ ಭಯ ನಿಜವಾದದ್ದೇ. ಗೆರೆ ಎಲ್ಲೇ ಬಿದ್ದರೂ ಮೇಯಿಸುವ ಹಕ್ಕು ಉಳಿಯುತ್ತದೆ ಅಂತ ಹೇಗ್ ತೀರ್ಪೂ ಹೇಳಿದೆ. ಆದರೆ ನಾಳೆ ಅದು ಪರದೇಶವಾದರೆ ತೀರ್ಪಿನ ಕಾಗದ ಹಿಡಿದು ದನ ದಾಟಿಸುವುದು ಹೇಗೆ ಅನ್ನುವುದು ಮಿಸ್ಸೆರಿಯಾ ದನಗಾಹಿಯ ಚಿಂತೆ. ಇತ್ತ ಡಿಂಕಾಗಳಿಗೆ ಊರು ಸುಟ್ಟ ನೆನಪು ಇನ್ನೂ ಹಸಿ, 2008ರಲ್ಲಿ ಒಂದು ಸಲ, 2011ರಲ್ಲಿ ಮತ್ತೊಂದು ಸಲ.

ಮುಂಚೆ ಹೀಗಿರಲಿಲ್ಲ ಅನ್ನುವುದೇ ಬೇಸರ. ಎನ್‌ಗೋಕ್ ಮುಖ್ಯಸ್ಥ ಡೆಂಗ್ ಮಜೋಕ್ ಮತ್ತು ಮಿಸ್ಸೆರಿಯಾ ನಾಯಕ ಬಾಬೊ ನಿಮಿರ್ ಒಳ್ಳೆಯ ಸ್ನೇಹಿತರು. ದಕ್ಷಿಣಕ್ಕೆ ಸೇರುವ ಅವಕಾಶ ಬಂದಾಗಲೂ ಡೆಂಗ್ ಉತ್ತರದ ಕೊರ್ಡೊಫಾನ್ ಪ್ರಾಂತ್ಯದಲ್ಲೇ ಉಳಿದವರು. ಅವರ ಮಗ ಕುವೋಲ್ ಡೆಂಗ್ ಕುವೋಲ್ ಕೂಡ ಮುಂದೆ ಮುಖ್ಯಸ್ಥರಾದರು. 2013ರ ಮೇ 4ರಂದು ವಿಶ್ವಸಂಸ್ಥೆಯ ವಾಹನಗಳ ಸಾಲಿನಲ್ಲೇ ಹೋಗುತ್ತಿದ್ದಾಗ ಮಿಸ್ಸೆರಿಯಾ ಬಂದೂಕುಧಾರಿಗಳು ಅಡ್ಡಗಟ್ಟಿದರು. ಗಂಟೆಗಟ್ಟಲೆ ಮಾತುಕತೆ ನಡೆಯಿತು, ಆಮೇಲೆ ಗುಂಡು ಹಾರಿತು. ಕುವೋಲ್ ಸತ್ತರು, ಜೊತೆಗೆ ಇಥಿಯೋಪಿಯಾದ ಒಬ್ಬ ಶಾಂತಿಪಾಲಕನೂ ಸತ್ತ.

ಪ್ರಶ್ನೆ: ಪಕ್ಕದಲ್ಲೇ ಇದ್ದ ಮುಖ್ಯಸ್ಥನನ್ನೇ ಉಳಿಸಿಕೊಳ್ಳಲಾಗದ ಶಾಂತಿಪಡೆ ಯಾಕೆ ಬೇಕು? ಅವರು ದಿನಾ ಏನು ಮಾಡುತ್ತಾರೆ?

ಉತ್ತರ: ಕೋಪ ಅರ್ಥವಾಗುತ್ತದೆ. ಆದರೆ ಅವರ ಕೆಲಸ ನೋಡಿ. ದನ ಇಳಿಯುವ ಕಾಲಕ್ಕೆ ಎರಡು ಜನಾಂಗದ ನಡುವೆ ಗಸ್ತು ತಿರುಗುತ್ತಾರೆ. ಕದ್ದ ದನ ಯಾರದು, ಸತ್ತವನ ಮನೆಗೆ ಪರಿಹಾರ ಎಷ್ಟು ಅಂತ ಹಿರಿಯರು ಕೂತು ಮಾತಾಡುವಾಗ ಕಾವಲಿರುತ್ತಾರೆ. ಅಮಿಯೆತ್ ಅನ್ನುವ ಸಂತೆಯೊಂದಿದೆ, ಉತ್ತರದ ಸಾಮಾನು ಲಾರಿಯಲ್ಲಿ ಬಂದಿಳಿಯುವ ಜಾಗ. ಡಿಂಕಾ ಹೆಂಗಸರೂ ಮಿಸ್ಸೆರಿಯಾ ವ್ಯಾಪಾರಿಗಳೂ ಅಲ್ಲಿ ಎದುರುಬದುರು ಕೂತು ವ್ಯಾಪಾರ ಮಾಡುತ್ತಾರೆ. ಗಲಾಟೆಯಾದರೆ ಸಂತೆ ಮುಚ್ಚುತ್ತದೆ, ಮುಚ್ಚಿದರೆ ಇಬ್ಬರ ಹೊಟ್ಟೆಗೂ ಹೊಡೆತ. ಅದಕ್ಕೇ ಗಡಿ ಯಾವುದು ಅಂತ ಒಪ್ಪದವರು ಸಂತೆ ನಡೆಯಲಿ ಅನ್ನುವುದನ್ನು ಒಪ್ಪಿಕೊಂಡಿದ್ದಾರೆ.

ಮಾಡಲಾಗದ್ದೂ ಇದೆ. 2011ರ ಜೂನ್‌ನಲ್ಲಿ ಅಡಿಸ್ ಅಬಾಬಾದಲ್ಲಿ ಆದ ಒಪ್ಪಂದದ ಪ್ರಕಾರ ಎರಡೂ ಕಡೆಯವರು ಸೇರಿ ಒಂದು ಆಡಳಿತ, ಒಂದು ಪೊಲೀಸ್ ಪಡೆ ಕಟ್ಟಬೇಕಿತ್ತು. ಕಟ್ಟಲೇ ಇಲ್ಲ. ಹಾಗಾಗಿ ಕಳ್ಳನನ್ನು ಹಿಡಿದರೂ ಇಬ್ಬರಿಗೂ ಒಪ್ಪಿಗೆಯಾದ ಠಾಣೆ ಇಲ್ಲ, ಕೋರ್ಟೂ ಇಲ್ಲ.

ಇನ್ನೊಂದು ತಮಾಷೆ ಅಂದರೆ, ಮೊದಲು ಅಲ್ಲಿದ್ದದ್ದು ಬಹುಪಾಲು ಇಥಿಯೋಪಿಯಾದ ಪಡೆ. ಆಮೇಲೆ ಇಥಿಯೋಪಿಯಾಕ್ಕೂ ಸುಡಾನಿಗೂ ಗಡಿ ಮತ್ತು ನೈಲ್ ಅಣೆಕಟ್ಟಿನ ಬಗ್ಗೆ ಸಿಟ್ಟು ಜಾಸ್ತಿಯಾಗಿ, ಇವರನ್ನು ಬದಲಾಯಿಸಿ ಅಂತ ಸುಡಾನ್ ಕೇಳಿತು. ಆಗ ಬಂದವರಲ್ಲಿ ಭಾರತದವರೂ ಇದ್ದಾರೆ, ಪಾಕಿಸ್ತಾನದವರೂ ಇದ್ದಾರೆ, ಒಂದೇ ನೀಲಿ ಬಾವುಟದ ಕೆಳಗೆ! ಭಾರತ 2023ರ ಜನವರಿಯಲ್ಲಿ ಅಲ್ಲಿಗೆ ಮಹಿಳಾ ಸೈನಿಕರ ಒಂದು ತುಕಡಿಯನ್ನೂ ಕಳಿಸಿತು.

ಪ್ರಶ್ನೆ: 2024ರ ಜನವರಿಯಲ್ಲಿ ಅಲ್ಲಿ 50ಕ್ಕೂ ಹೆಚ್ಚು ಜನರನ್ನು ಕೊಂದದ್ದು ಮಿಸ್ಸೆರಿಯಾಗಳೇ ತಾನೆ?

ಉತ್ತರ: ಅಲ್ಲ. ಅದು ದಕ್ಷಿಣದ ಕಡೆಯಿಂದ ಬಂದ ಏಟು. ವಾರಾಪ್ ರಾಜ್ಯದ ಟ್ವಿಚ್ ಡಿಂಕಾ ಯುವಕರಿಗೂ ಎನ್‌ಗೋಕ್ ಡಿಂಕಾಗಳಿಗೂ ಜಮೀನಿನ ಜಗಳ. ಇಬ್ಬರೂ ಡಿಂಕಾಗಳೇ. ಜನರನ್ನು ಕಾಪಾಡಲು ಹೋದ ಘಾನಾದ ಒಬ್ಬ, ಪಾಕಿಸ್ತಾನದ ಒಬ್ಬ ಶಾಂತಿಪಾಲಕನೂ ಆಗ ಸತ್ತರು. ಅರಬ್ಬರು ಒಂದು ಕಡೆ, ಆಫ್ರಿಕನ್ನರು ಒಂದು ಕಡೆ ಅಂತ ಸುಲಭವಾಗಿ ಗೆರೆ ಎಳೆಯುವವರು ಈ ಘಟನೆಯನ್ನು ಯಾಕೋ ಬಿಟ್ಟೇ ಹೇಳುತ್ತಾರೆ.

ಪ್ರಶ್ನೆ: ಈ ಪಡೆ ವಾಪಸ್ ಬರುವುದು ಯಾವಾಗ?

ಉತ್ತರ: 2011ರಲ್ಲಿ ಅದನ್ನು ಕಳಿಸಿದ್ದು ಆರು ತಿಂಗಳ ಮಟ್ಟಿಗೆ.