ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೆ ಬರುವುದು ಹೇಗೆ?

ಮಹಿಳೆ-ಪುರುಷರ ಅಂಕಿ-ಅಂಶ ಸಂಗ್ರಹದ ಬಗ್ಗೆ ಉತ್ತರ ಕನ್ನಡದಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ (ಕಾರವಾರ): ಕರಾವಳಿಯ ಮೂರು ಜಿಲ್ಲೆಗಳಲ್ಲಿ ಲಿಂಗವಾರು ಅಂಕಿ-ಅಂಶ ಬಲಪಡಿಸುವ ಮೂರು ವರ್ಷದ ಕಾರ್ಯಕ್ರಮವೊಂದು ಮುಗಿಯುತ್ತಿದೆ. ವರದಿ ತುಂಬ ತರಬೇತಿಗಳ ಸಂಖ್ಯೆ, ಹಾಜರಾತಿ, ಮುದ್ರಿಸಿದ ಕೈಪಿಡಿಗಳ ಲೆಕ್ಕವೇ ಇದೆ. ಮೌಲ್ಯಮಾಪನ ಎಲ್ಲಿಂದ ಶುರು ಮಾಡಬೇಕು? ಮುಂದಿನ ಹಂತದ ಯೋಜನೆಯನ್ನೂ ಅದರ ಆಧಾರದ ಮೇಲೇ ಬರೆಯಬೇಕಾಗಿದೆ.

ಉತ್ತರ: ಹಾಜರಾತಿ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಮೂರು ವರ್ಷದಲ್ಲಿ ಯಾವ ನಮೂನೆಯ ಯಾವ ಕಾಲಂ ಬದಲಾಯಿತು, ಆ ಕಾಲಂನಿಂದ ಯಾವ ಕೋಷ್ಟಕ ಹೊರಬಂತು, ಅದನ್ನು ನೋಡಿ ಯಾರು ಯಾವ ತೀರ್ಮಾನ ತೆಗೆದುಕೊಂಡರು ಎಂದು ಕೇಳಿ. ಈ ಸರಪಳಿ ಎಲ್ಲಿ ತುಂಡಾಗಿದೆ ಎಂದು ಹುಡುಕುವುದೇ ಮೌಲ್ಯಮಾಪನದ ಮುಖ್ಯ ಕೆಲಸ.

ಎಂಟು-ಹತ್ತು ಅಂಕಿಗಳನ್ನು ಆರಿಸಿಕೊಂಡು ಒಂದೊಂದರ ದಾರಿಯನ್ನೂ ಹಿಂಬಾಲಿಸಿ. ಪಟ್ಟಣವೊಂದರಲ್ಲಿ ಹೊಸ ಮೀನು ಮಾರುಕಟ್ಟೆ ಕಟ್ಟುತ್ತಾರೆ ಎಂದುಕೊಳ್ಳಿ. ಒಳಗೆ ಇಷ್ಟು ಕಟ್ಟೆ ಬೇಕು ಎಂದು ತೀರ್ಮಾನಿಸಿದ್ದು ಯಾವ ಸಂಖ್ಯೆಯಿಂದ? ಹಳೆಯ ಮಾರುಕಟ್ಟೆಯಲ್ಲಿ ಬಾಡಿಗೆ ರಸೀದಿ ಇದ್ದವರನ್ನು ಮಾತ್ರ ಎಣಿಸಿದ್ದರೆ, ಹೊರಗೆ ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂರುವವರು, ತಲೆಹೊರೆಯಲ್ಲಿ ಮನೆ ಮನೆಗೆ ಹೋಗಿ ಮಾರುವವರು ಬಿಟ್ಟುಹೋಗಿರುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಾಗರ ಮೀನುಗಾರಿಕೆ ಗಣತಿ (2005, 2010, 2016) ಮೀನು ಮಾರಾಟ, ಒಣಗಿಸುವುದು, ಬಲೆ ನೇಯುವುದು ಮುಂತಾದ ಕೆಲಸಗಳನ್ನು ಬೇರೆ ಬೇರೆಯಾಗಿ ಎಣಿಸಿದೆ. ಆ ಕೋಷ್ಟಕವನ್ನು ಪುರಸಭೆಯಲ್ಲಿ ಯಾರಾದರೂ ತೆರೆದು ನೋಡಿದ್ದರೇ? ಸಭೆಯ ನಡಾವಳಿಯಲ್ಲಿ ಉಲ್ಲೇಖ ಸಿಕ್ಕಿದರೆ ಬಳಕೆಯಾಗಿದೆ, ಸಿಗದಿದ್ದರೆ ಇಲ್ಲ. ಜಿಲ್ಲೆಯ ಪ್ರಗತಿ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ನಡಾವಳಿಗಳನ್ನೂ ಇದೇ ಕಣ್ಣಿನಿಂದ ಓದಿ. ಮೂರು ವರ್ಷಕ್ಕೆ ಜಿಲ್ಲೆಗೆ ಹೆಚ್ಚೆಂದರೆ ಹನ್ನೆರಡು ನಡಾವಳಿ, ಓದಲು ಎರಡು ದಿನ ಸಾಕು.

ಎರಡನೆಯದು ರಿಜಿಸ್ಟರುಗಳ ತಪಾಸಣೆ. ಪ್ರತಿ ತಾಲೂಕಿನಲ್ಲಿ ಎರಡು ರಿಜಿಸ್ಟರು ಆರಿಸಿ, ಒಂದೊಂದರಿಂದ ಚೀಟಿ ಎತ್ತಿ 30 ನಮೂದು ತೆಗೆದು, ಮನೆಗೆ ಹೋಗಿ ತಾಳೆ ನೋಡಿ. ಲಿಂಗ, ವಯಸ್ಸು, ಕೆಲಸ ಈ ಮೂರು ಕಾಲಂ ಸಾಕು. ಎಡವುವ ಜಾಗಗಳು ಹೆಚ್ಚಾಗಿ ಇವು: ಮೂಲ ರಿಜಿಸ್ಟರಿನಲ್ಲಿ ಹೆಣ್ಣು-ಗಂಡು ಕಾಲಂ ತುಂಬಿರುತ್ತದೆ, ಪಂಚಾಯತಿಯಿಂದ ತಾಲೂಕಿಗೆ ಹೋಗುವ ಮಾಸಿಕ ವರದಿಯಲ್ಲಿ ಮಾತ್ರ ಬರೀ ಒಟ್ಟು ಸಂಖ್ಯೆ. ಕಂಪ್ಯೂಟರಿನಲ್ಲಿ ಪಟ್ಟಿಯ ಮೊದಲ ಆಯ್ಕೆ ‘ಪುರುಷ’ ಎಂದಿದ್ದು, ಏನೂ ಆರಿಸದೆ ಮುಂದೆ ಹೋದರೆ ಅದೇ ದಾಖಲಾಗುತ್ತದೆ. ಇಂಥ ತಪ್ಪು ಇನ್ನೊಂದು ತರಬೇತಿಯಿಂದ ಸರಿಹೋಗುವುದಿಲ್ಲ. ನಮೂನೆಯನ್ನೇ ತಿದ್ದಬೇಕು.

ತರಬೇತಿ ಪಡೆದವರ ವಿಷಯದಲ್ಲಿ ಎರಡೇ ಪ್ರಶ್ನೆ: ಹನ್ನೆರಡು ತಿಂಗಳ ನಂತರ ಎಷ್ಟು ಜನ ಅದೇ ಮೇಜಿನಲ್ಲಿ ಇದ್ದಾರೆ? ವರ್ಗವಾಗಿ ಹೋದವರು ಮುಂದಿನವರಿಗೆ ಲಿಖಿತ ಸೂಚನೆ ಬಿಟ್ಟುಹೋಗಿದ್ದಾರೆಯೇ? ಜಿಲ್ಲಾ ಸಾಂಖ್ಯಿಕ ಅಧಿಕಾರಿಯ ಕಚೇರಿಯಲ್ಲಿ ಒಬ್ಬರೇ ಎಲ್ಲವನ್ನೂ ಕಲಿತು, ಅವರಿಗೆ ವರ್ಗವಾದರೆ ಕಾರ್ಯಕ್ರಮವೂ ಅವರ ಹಿಂದೆಯೇ ಹೋಗುತ್ತದೆ.

ಅಂತರರಾಷ್ಟ್ರೀಯ ಮೌಲ್ಯಮಾಪಕರು ಆರು ಮಾನದಂಡ ಬಳಸುತ್ತಾರೆ: ಪ್ರಸ್ತುತತೆ, ಇತರ ಕಾರ್ಯಕ್ರಮಗಳೊಂದಿಗೆ ಹೊಂದಾಣಿಕೆ, ಪರಿಣಾಮಕಾರಿತ್ವ, ದಕ್ಷತೆ, ದೂರಗಾಮಿ ಪ್ರಭಾವ, ಬಾಳಿಕೆ. ಹೊಂದಾಣಿಕೆಯನ್ನು ಸೇರಿಸಿದ್ದು 2019ರಲ್ಲಿ. ನಮ್ಮ ಜಿಲ್ಲೆಗಳಲ್ಲಿ ಅತಿ ಮುಖ್ಯವಾದದ್ದೂ ಅದೇ ಎಂಬುದು ನಮ್ಮ ಅಭಿಪ್ರಾಯ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸಂಜೀವಿನಿ ಒಕ್ಕೂಟದವರು ಅದೇ ಮನೆಯ ಅದೇ ಹೆಂಗಸಿನ ಹತ್ತಿರ ಅದೇ ವಿವರ ಕೇಳಿಕೊಂಡು ಹೋಗುತ್ತಾರೆ. ನಾಲ್ಕನೆಯ ನಮೂನೆ ಹಿಡಿದು ನೀವೂ ಹೋದರೆ ಯಾರಿಗೆ ಲಾಭ?

ಇಡೀ ರಾಜ್ಯದಲ್ಲಿ ಬದಲಾದ ನಮೂನೆಯ ಕೀರ್ತಿಯನ್ನು ನಿಮ್ಮ ಕಾರ್ಯಕ್ರಮಕ್ಕೆ ಬರೆದುಕೊಳ್ಳಬೇಡಿ. ಕಾರ್ಯಕ್ರಮ ಇಲ್ಲದ ಪಕ್ಕದ ಜಿಲ್ಲೆಯಲ್ಲೂ ಅದೇ ಬದಲಾವಣೆ ಆಗಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಅಂಕಿ ತಯಾರಿಸುವವರನ್ನು ಮಾತ್ರ ಸಂದರ್ಶಿಸುವುದೂ ಸಲ್ಲದು. ಸಂದರ್ಶನಗಳಲ್ಲಿ ಅರ್ಧದಷ್ಟಾದರೂ ಅಂಕಿ ಬಳಸಬೇಕಾದವರದ್ದಾಗಿರಲಿ: ಪಂಚಾಯತಿ ಅಧ್ಯಕ್ಷೆಯರು, ಮೀನುಗಾರ ಮಹಿಳೆಯರ ಸಹಕಾರಿ ಸಂಘಗಳು, ವರದಿಗಾರರು.

ಇನ್ನು ಮುಂದಿನ ಹಂತ. ಹೊಸ ಸಮೀಕ್ಷೆಗೇ ಹಣವೆಲ್ಲ ಸುರಿಯುವುದು ಎಲ್ಲರಿಗೂ ಬರುವ ಆಸೆ. ಅರ್ಧದಷ್ಟನ್ನಾದರೂ ಇರುವ ರಿಜಿಸ್ಟರು, ನಮೂನೆ, ಕೋಷ್ಟಕ ಸರಿಪಡಿಸಲು ಇಡಿ ಎನ್ನುತ್ತೇವೆ. ಸಮೀಕ್ಷೆ ಬೇಕೇ ಬೇಕೆಂದಾದರೆ ಲೆಕ್ಕ ಹೀಗೆ. ಶೇ 95ರ ವಿಶ್ವಾಸ (ನೂರು ಸಲ ಮಾಡಿದರೆ 95 ಸಲ ಸರಿ), 5 ಅಂಶದ ದೋಷಮಿತಿ (ಬಂದ ಶೇಕಡಾ ಅಂಕಿ 5ರಷ್ಟು ಆಚೀಚೆ) ಎಂದರೆ 384 ಮನೆ. ಊರೂರಿನಲ್ಲಿ ಗುಂಪಾಗಿ ಆರಿಸುವುದರಿಂದ ಅದರ ಎರಡರಷ್ಟು, 768. ನೂರರಲ್ಲಿ ಹತ್ತು ಮನೆ ಸಿಗುವುದಿಲ್ಲ ಎಂದುಕೊಂಡರೆ 853. ಇದು ಇಡೀ ಜಿಲ್ಲೆಗೆ ಒಂದೇ ಅಂಕಿ ಕೊಡುತ್ತದೆ. ಆದರೆ ಭಟ್ಕಳಕ್ಕೂ ಜೋಯಿಡಾಕ್ಕೂ ಸೇರಿಸಿ ಒಂದು ಸರಾಸರಿ ತೆಗೆದರೆ ಅದು ಇಬ್ಬರಿಗೂ ಉಪಯೋಗವಿಲ್ಲ. ಉತ್ತರ ಕನ್ನಡವನ್ನು ಮೂರು ಭಾಗ ಮಾಡಿ: ಕರಾವಳಿಯ ಐದು ತಾಲೂಕು ಒಂದು; ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಇನ್ನೊಂದು; ಹಳಿಯಾಳ, ಮುಂಡಗೋಡ, ದಾಂಡೇಲಿ ಮತ್ತೊಂದು. ದೋಷಮಿತಿಯನ್ನು 7 ಅಂಶಕ್ಕೆ ಏರಿಸಿದರೆ ಭಾಗಕ್ಕೆ 436ರಂತೆ ಒಟ್ಟು 1,308 ಮನೆ.

ಈ ಮಾದರಿ ಇವತ್ತಿನ ಸ್ಥಿತಿ ಹೇಳುತ್ತದೆ, ಬದಲಾವಣೆಯನ್ನು ಹಿಡಿಯಲು ಸಾಲದು. ಯಾವುದಾದರೊಂದು ಪ್ರಮಾಣ ಶೇ 30ರಿಂದ 40ಕ್ಕೆ ಏರಿದ್ದನ್ನು ಖಚಿತವಾಗಿ ತೋರಿಸಬೇಕಾದರೆ ಪ್ರತಿ ಸುತ್ತಿಗೆ ಭಾಗವೊಂದರಲ್ಲಿ ಸುಮಾರು 700 ಸಂದರ್ಶನ ಪೂರ್ಣವಾಗಬೇಕು. ಏರಿಕೆ 7 ಅಂಶ ಮಾತ್ರ ಎಂದಾದರೆ ಸುಮಾರು 1,400. ಯೋಜನೆ ಬರೆಯುವಾಗಲೇ ಇದನ್ನು ಹೇಳದಿದ್ದರೆ, ಕೊನೆಗೆ ಮೂರು ಅಂಶದ ಏರುಪೇರನ್ನೇ ಸಾಧನೆ ಎಂದು ಬರೆಯುವ ಒತ್ತಡ ಬರುತ್ತದೆ.

ಪ್ರಶ್ನೆ (ಕುಮಟಾ): ನಮ್ಮ ಸಂಘ ನಡೆಸಿದ ಮನೆ ಸಮೀಕ್ಷೆಯಲ್ಲಿ ಮೀನು ಮಾರುವ, ಅಘನಾಶಿನಿಯಲ್ಲಿ ಕಪ್ಪೆಚಿಪ್ಪು ಆರಿಸುವ ಹೆಂಗಸರೂ ‘ಮನೆಗೆಲಸ’ ಎಂದೇ ದಾಖಲಾಗಿದ್ದಾರೆ. ತಪ್ಪು ಎಲ್ಲಾಯಿತು?

ಉತ್ತರ: ಬಹುಶಃ ಮೂರು ಕಡೆ.

ಒಂದು, ಪ್ರಶ್ನೆಯ ಮಾತು. “ನೀವು ಕೆಲಸ ಮಾಡುತ್ತೀರಾ?” ಎಂದು ಕೇಳಿದರೆ “ಇಲ್ಲ, ಮನೆಯಲ್ಲೇ ಇರುವುದು” ಎಂಬ ಉತ್ತರವೇ ಬರುತ್ತದೆ. ಕೆಲಸ ಎಂದರೆ ಸಂಬಳದ್ದು ಎಂದೇ ಎಲ್ಲರ ಭಾವನೆ. ಕೆಲಸದ ಹೆಸರು ಹಿಡಿದೇ ಕೇಳಿ: ಕಳೆದ ಹನ್ನೆರಡು ತಿಂಗಳಲ್ಲಿ ಹರಾಜಿನಲ್ಲಿ ಮೀನು ಕೊಂಡು ಮಾರಿದ್ದೀರಾ? ಒಣಮೀನು ಮಾಡಿದ್ದೀರಾ? ಚಿಪ್ಪು ಆರಿಸಿದ್ದೀರಾ? ಬಲೆ ಬಿಡಿಸಿದ್ದೀರಾ? ಯಾವ ಯಾವ ತಿಂಗಳು, ತಿಂಗಳಿಗೆ ಎಷ್ಟು ದಿನ? ಕೊಂಕಣಿ ಮಾತಾಡುವ ಮನೆಗಳಿಗೆ ಪ್ರಶ್ನೆಗಳನ್ನು ಕೊಂಕಣಿಯಲ್ಲೇ ಬರೆದುಕೊಡಿ. ಗಣತಿದಾರರು ಸ್ಥಳದಲ್ಲೇ ಮನಸ್ಸಿಗೆ ಬಂದಂತೆ ಹೇಳಿದರೆ ಹತ್ತು ಮನೆಗೆ ಹತ್ತು ಪ್ರಶ್ನೆಯಾಗುತ್ತದೆ.

ಎರಡು, ಉತ್ತರ ಹೇಳಿದವರು ಯಾರು ಎಂಬುದು. ಗಂಡನೋ ಮಾವನೋ ಎಲ್ಲರ ಪರವಾಗಿ ಉತ್ತರಿಸಿದ್ದರೆ ಆ ನಮೂನೆಗಳನ್ನು ಬೇರೆ ಗುರುತು ಹಾಕಿ ಎಣಿಸಿ, ಹೆಂಗಸರೇ ಉತ್ತರಿಸಿದವುಗಳ ಜೊತೆ ಹೋಲಿಸಿ. ಅಂತರ ನಿಮ್ಮ ಕಣ್ಣಿಗೇ ಬೀಳುತ್ತದೆ.

ಮೂರು, ಸಮೀಕ್ಷೆಯ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಹೋಗಿ “ಕಳೆದ ಏಳು ದಿನದಲ್ಲಿ” ಎಂದು ಕೇಳಿದರೆ ಬಂದರಿನ ಕೆಲಸವೆಲ್ಲ ಮಾಯವಾಗಿರುತ್ತದೆ. ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿದ ಮೇಲೆ ಹೋದರೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರೂ ಹಾಗೆಯೇ ಕಾಣೆ. ವರ್ಷವನ್ನು ನಾಲ್ಕು ಸುತ್ತಾಗಿ ಹಂಚಿ, ಪ್ರತಿ ಸುತ್ತಿನಲ್ಲೂ ಕಾಲು ಭಾಗ ಮನೆಗಳಿಗೆ ಹೋಗಿ.

ನಿಯಮವನ್ನೂ ತಿಳಿದಿರಿ. ರಾಷ್ಟ್ರೀಯ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವರ್ಷದ ಹೆಚ್ಚು ಕಾಲ ಮನೆಗೆಲಸದಲ್ಲಿದ್ದರೂ, 30 ದಿನ ಅಥವಾ ಹೆಚ್ಚು ಆರ್ಥಿಕ ಕೆಲಸ ಮಾಡಿದ್ದರೆ ಆಕೆ ಪೂರಕ ಸ್ಥಿತಿಯಲ್ಲಿ ದುಡಿಯುವವಳೇ. ಮನೆಗೆಲಸ ಮಾತ್ರ ಮಾಡುವವರಿಗೆ ಸಂಕೇತ 92. ಅದರ ಜೊತೆ ಮನೆ ಬಳಕೆಗೆ ಸೌದೆ, ಮೇವು, ಸೊಪ್ಪು ತರುವುದು, ಹೊಲಿಗೆ ಮುಂತಾದ್ದು ಮಾಡುವವರಿಗೆ 93. ಇವೆರಡೂ ಕಾರ್ಮಿಕ ಬಲದ ಹೊರಗೆ. ಕೋಷ್ಟಕದಲ್ಲಿ ಎರಡನ್ನೂ ಕೂಡಿಸಿಬಿಡಬೇಡಿ, 93ನ್ನು ಬೇರೆ ಸಾಲಿನಲ್ಲಿ ತೋರಿಸಿ. ಬೆಟ್ಟದಿಂದ ಸೊಪ್ಪು ಹೊರುವವರು ಕಾಗದದ ಮೇಲೆ ಕಾಣುವುದು ಆ ಒಂದು ಸಾಲಿನಲ್ಲೇ.

ಸಂಬಳವಿಲ್ಲದ ಕೆಲಸಕ್ಕೆ ಸಮಯ ಬಳಕೆ ಸಮೀಕ್ಷೆ ಇದೆ. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಲೆಕ್ಕ. 2024ರ ಸುತ್ತಿನಲ್ಲಿ ಮನೆಗೆಲಸ ಮಾಡಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದಾರೆ, ಪುರುಷರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಇವು ದೇಶದ ಸರಾಸರಿ. ಕುಮಟಾಕ್ಕೆ ಅನ್ವಯಿಸಿ ಭಾಷಣ ಮಾಡಬೇಡಿ.

ಪ್ರಶ್ನೆ (ಶಿರಸಿ): ತಾಲೂಕಿನಲ್ಲಿ ಎಷ್ಟು ಮಹಿಳೆಯರ ಹೆಸರಿನಲ್ಲಿ ಭೂಮಿ ಇದೆ ಎಂದು ಪಹಣಿಯಿಂದ ತೆಗೆಯಬಹುದೇ?

ಉತ್ತರ: ತೆಗೆಯಬಹುದು, ಎಚ್ಚರಿಕೆಯಿಂದ. ಹೆಸರಿನ ಮುಂದಿನ ‘ಕೋಂ’ ಎಂದರೆ ಹೆಂಗಸು, ‘ಬಿನ್’ ಎಂದರೆ ಗಂಡಸು ಎಂದು ಮೊದಲ ಸುತ್ತು ವಿಂಗಡಿಸಿ. ಉಳಿದವನ್ನು ಗ್ರಾಮ ಆಡಳಿತಾಧಿಕಾರಿ ಕೂತು ನೋಡಬೇಕು. ಮದುವೆಯಾಗದ ಮಗಳಿಗೆ ತಂದೆಯ ಹೆಸರೇ ಇರುತ್ತದೆ, ಕೆಲವು ಹೆಸರು ಇಬ್ಬರಿಗೂ ಇಡುವಂಥವು. ಫಲಿತಾಂಶವನ್ನು ಮೂರು ಗುಂಪು ಮಾಡಿ: ಮಹಿಳೆ ಒಬ್ಬಳೇ, ಪುರುಷರ ಜೊತೆ ಜಂಟಿ, ಪುರುಷರು ಮಾತ್ರ. ಜಂಟಿ ಖಾತೆಯ ಎಕರೆ-ಗುಂಟೆಯನ್ನು ತಲೆಗೆ ಸಮನಾಗಿ ಹಂಚಿ ಮಹಿಳೆಯರ ಪಾಲು ಎಂದು ತೋರಿಸಬೇಡಿ. ಪಾಲು ಪಹಣಿಯಲ್ಲಿ ಬರೆದಿದ್ದರೆ ಮಾತ್ರ ಹೇಳಬಹುದು.

ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗದೆ ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಬೇರೆ ತೆಗೆದಿಡಿ. ಅದೇ ಒಂದು ಅಗತ್ಯವಾದ ಅಂಕಿ: ಹೆಣ್ಣುಮಕ್ಕಳ ಹಕ್ಕು ಕಾಗದಕ್ಕೆ ಇಳಿಯದೆ ನಿಂತಿರುವುದು ಹೆಚ್ಚಾಗಿ ಅಲ್ಲೇ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ಷರತ್ತುಗಳೊಂದಿಗೆ, ದೇಶಕ್ಕೆಲ್ಲ 2005ರಲ್ಲಿ.

ಪಹಣಿಯಲ್ಲಿ ಬಾರದವರೂ ಈ ಜಿಲ್ಲೆಯಲ್ಲಿ ಬಹಳ. ಅರಣ್ಯ ಅತಿಕ್ರಮಣ ಜಾಗದಲ್ಲಿ ಸಾಗುವಳಿ ಮಾಡುವ ಮನೆಗಳಿಗೆ ಪಹಣಿಯೇ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕವರದ್ದು ಗಂಡ-ಹೆಂಡಿರ ಜಂಟಿ ಹೆಸರಿನಲ್ಲಿರಬೇಕು. ಆ ಪಟ್ಟಿಯನ್ನು ಪ್ರತ್ಯೇಕವಾಗಿ ಎಣಿಸಿ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ತೋಟಕ್ಕೆ ಸೇರಿದ ಸವಲತ್ತು, ಒಡೆತನವಲ್ಲ; ಅದನ್ನು ಕೂಡಿಸಬೇಡಿ. ಸಾಧ್ಯವಾದರೆ ಸಣ್ಣ ಮಾದರಿಯಲ್ಲಿ ಮಹಿಳೆಯರನ್ನೇ ಕೇಳಿ: ಈ ಜಮೀನನ್ನು ಮಾರುವ ಹಕ್ಕು ನಿಮಗಿದೆಯೇ? ಉಯಿಲು ಬರೆಯುವ ಹಕ್ಕಿದೆಯೇ?

ಪ್ರಶ್ನೆ (ಹೊನ್ನಾವರ): ದುಡಿಮೆಯ ಬಗ್ಗೆ ಕೇಳುವ ಮನೆ ಸಮೀಕ್ಷೆಯಲ್ಲೇ ಕೌಟುಂಬಿಕ ಹಿಂಸೆಯ ಪ್ರಶ್ನೆಯನ್ನೂ ಸೇರಿಸಬಹುದೇ?

ಉತ್ತರ: ಬೇಡ. ಮನೆಯವರೆಲ್ಲ ಕೇಳಿಸಿಕೊಳ್ಳುತ್ತಿರುವಾಗ ಈ ಪ್ರಶ್ನೆ ಕೇಳಿದರೆ ಗಣತಿದಾರರು ಹೊರಟ ಮೇಲೆ ಆಕೆಗೆ ಅಪಾಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೂಡ ಮನೆಗೆ ಒಬ್ಬರನ್ನೇ ಆರಿಸಿ, ಏಕಾಂತ ಸಿಕ್ಕಿದರೆ ಮಾತ್ರ ಕೇಳುತ್ತದೆ. ಅದೂ ಸುಮಾರು ಶೇ 15 ಮನೆಗಳಲ್ಲಿ ಮಾತ್ರವಾದ್ದರಿಂದ ಅಂಕಿ ರಾಜ್ಯಮಟ್ಟದ್ದು, ಜಿಲ್ಲೆಯ ಹಾಳೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಠಾಣೆ, ಸಖಿ ಕೇಂದ್ರ, 181 ಸಹಾಯವಾಣಿಯ ದಾಖಲೆಗಳನ್ನು ಬಳಸಿ. ಪ್ರಕರಣ ಹೆಚ್ಚಾದರೆ ಹಿಂಸೆ ಹೆಚ್ಚಿತು ಎಂದೇ ಅರ್ಥವಲ್ಲ, ಹೇಳಿಕೊಳ್ಳುವ ಧೈರ್ಯ ಬಂದಿರಲೂಬಹುದು ಎಂದು ಕೋಷ್ಟಕದ ಕೆಳಗೇ ಬರೆಯಿರಿ.

ಪ್ರಶ್ನೆ (ಅಂಕೋಲಾ): ಪಡಿತರ ಚೀಟಿಯ ಪಟ್ಟಿ ನೋಡಿದರೆ ನಮ್ಮ ಪಂಚಾಯತಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗೂ ಮಹಿಳೆಯೇ ಮುಖ್ಯಸ್ಥೆ. ಈ ಅಂಕಿ ಬಳಸಬಹುದೇ?

ಉತ್ತರ: ಮಹಿಳಾ ಮುಖ್ಯಸ್ಥಿಕೆಯ ಕುಟುಂಬ ಎಂಬ ಅರ್ಥದಲ್ಲಿ ಬಳಸಲಾಗದು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ 18 ದಾಟಿದ ಹಿರಿಯ ಮಹಿಳೆಯೇ ಮುಖ್ಯಸ್ಥೆ. ಅದು ಕಾಯ್ದೆ ಕೊಟ್ಟ ಸ್ಥಾನ. ಗಂಡಸರಿಲ್ಲದೆ ಆಕೆಯೇ ದುಡಿದು ನಡೆಸುವ ಮನೆಗಳನ್ನು ಗುರುತಿಸಬೇಕಾದರೆ ವಿಧವಾ ವೇತನದ ಪಟ್ಟಿಯನ್ನು ಚೀಟಿಯ ಸದಸ್ಯರ ವಿವರದ ಜೊತೆ ತಾಳೆ ಹಾಕಿ, 18 ದಾಟಿದ ಗಂಡಸರಿಲ್ಲದ ಮನೆಗಳನ್ನು ಬೇರೆ ಮಾಡಿ. ದೋಣಿಗೋ ಗೋವಾ ಕಡೆ ಕೆಲಸಕ್ಕೋ ಹೋಗಿ ತಿಂಗಳುಗಟ್ಟಲೆ ಹೊರಗಿರುವ ಗಂಡಸರ ಹೆಸರೂ ಚೀಟಿಯಲ್ಲಿ ಇರುತ್ತದೆ. ಅಂಥ ಮನೆಗಳನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಇನ್ನೊಂದು ಗುಂಪಾಗಿ ಪಟ್ಟಿ ಮಾಡಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಲೆಕ್ಕದಲ್ಲೂ ಇದೇ ಎಚ್ಚರ ಬೇಕು: ಅದು ಪ್ರಯಾಣಗಳ ಸಂಖ್ಯೆ, ಮಹಿಳೆಯರ ಸಂಖ್ಯೆಯಲ್ಲ.